ಏಪ್ರಿಲ್ 10ರಿಂದ ಹಿಂದಕ್ಕೆ: ವರ್ಷದ ಕೊನೆಗೆ ಮಕ್ಕಳಿಂದ ಕಾಗದ ಬರೆಸುವ ಕೆಲಸ

ನಮ್ಮ ಶಾಲೆಗಳಲ್ಲಿ ವರ್ಷ ಮುಗಿಯುವುದು ಸಾಮಾನ್ಯವಾಗಿ ಏಪ್ರಿಲ್ 10ಕ್ಕೆ. ಅಂದು ಫಲಿತಾಂಶ, ಮರುದಿನದಿಂದ ಬೇಸಿಗೆ ರಜೆ. ಮಕ್ಕಳಿಂದ ಕಾಗದ ಬರೆಸಬೇಕು ಎಂದುಕೊಂಡವರು ಹೆಚ್ಚಾಗಿ ಪರೀಕ್ಷೆಯೆಲ್ಲ ಮುಗಿದು, ತರಗತಿಯಲ್ಲಿ ಬೇರೆ ಕೆಲಸ ಉಳಿಯದ ಏಪ್ರಿಲ್ ಮೊದಲ ವಾರದಲ್ಲಿ ಶುರು ಮಾಡುತ್ತಾರೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ನಾವು ಮೊದಲು ಮಾಡಿದ್ದೂ ಹಾಗೆಯೇ. ಕಾಗದವೇನೋ ಹೋಗುತ್ತಿತ್ತು. ಉತ್ತರ ಬರುವ ಹೊತ್ತಿಗೆ ಶಾಲೆಗೆ ಬೀಗ ಬಿದ್ದಿರುತ್ತಿತ್ತು. ಉತ್ತರ ಕೈಗೆ ಬಾರದ ಕಾಗದ ಮಗುವಿನ ಮಟ್ಟಿಗೆ ಇನ್ನೊಂದು ಕಾಪಿ ಬರವಣಿಗೆ, ಅಷ್ಟೆ. ಈಗ ನಾವು ಏಪ್ರಿಲ್ 10ರಿಂದ ಹಿಂದಕ್ಕೆ ಎಣಿಸಿಕೊಂಡು ಹೊರಡುತ್ತೇವೆ.

ಎಣಿಕೆ ಹೀಗೆ. ಬೇರೆ ಜಿಲ್ಲೆಗೆ ಹೋಗುವ ಪೋಸ್ಟ್ ಕಾರ್ಡಿಗೆ ಒಂದು ವಾರ ಇಟ್ಟುಕೊಳ್ಳಬೇಕು. ಅಲ್ಲಿ ಓದಿದವರು ಪೆನ್ನು ಹುಡುಕಿ ಉತ್ತರ ಬರೆಯಲು ಒಂದು ವಾರ, ಅದು ವಾಪಸ್ ಬರಲು ಇನ್ನೊಂದು ವಾರ. ನಡುವೆ ಯುಗಾದಿ, ಭಾನುವಾರಗಳಿಗೆಂದು ನಾಲ್ಕೈದು ದಿನ. ತಡವಾದರೂ ಇರಲಿ ಎಂದು ಇನ್ನೂ ನಾಲ್ಕೈದು ದಿನ ಕೈಯಲ್ಲಿಟ್ಟುಕೊಂಡರೆ ಮಾರ್ಚ್ 10ರೊಳಗೆ ಕಾಗದ ಅಂಚೆ ಡಬ್ಬಿಗೆ ಬೀಳಲೇಬೇಕು, 5ರೊಳಗೆ ಬಿದ್ದರೆ ಮನಸ್ಸಿಗೆ ಧೈರ್ಯ. ಬರೆಯುವ ಕೆಲಸಕ್ಕೆ 40 ನಿಮಿಷದ 7 ಪಿರಿಯಡ್ ಬೇಕು. ವಾರಕ್ಕೆ ಮೂರರಂತೆ ಹಿಡಿದರೆ ಫೆಬ್ರುವರಿ ಮೂರನೇ ವಾರದಲ್ಲಿ ಕೂತರೆ ಸರಿಹೋಗುತ್ತದೆ. ಮಾರ್ಚ್‌ನ ಸಂಕಲನಾತ್ಮಕ ಮೌಲ್ಯಮಾಪನಕ್ಕೂ, ಅಂದರೆ ವರ್ಷದ ಕೊನೆಯ ಪರೀಕ್ಷೆಗೂ, ಇದು ಅಡ್ಡ ಬರುವುದಿಲ್ಲ. ಬೇಗ ಶುರು ಮಾಡಲು ಮಲೆನಾಡಿನಲ್ಲಿ ಮತ್ತೊಂದು ಕಾರಣ ಇದೆ. ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ತೋಟದ ಕೆಲಸಗಾರರಿರುವ ಲೈನ್ ಮನೆಗಳ ಕೆಲವು ಕುಟುಂಬಗಳು ಊರಿಗೆ ಹೊರಟುಬಿಡುತ್ತವೆ. ಏಪ್ರಿಲ್‌ಗೆ ಕಾದರೆ ಆ ಮಕ್ಕಳೇ ತರಗತಿಯಲ್ಲಿ ಇರುವುದಿಲ್ಲ.

ಯಾರಿಗೆ ಬರೆಯಬೇಕು ಎನ್ನುವುದನ್ನು ಮೊದಲು ತೀರ್ಮಾನಿಸಬೇಕು. ಕಾಗದ ಚೆನ್ನಾಗಿ ಬರುವುದೂ ಕೆಡುವುದೂ ಬಹುಮಟ್ಟಿಗೆ ಇಲ್ಲೇ. ಪಠ್ಯದ ಅಭ್ಯಾಸದಲ್ಲಿ ‘ನಿಮ್ಮ ಗೆಳೆಯನಿಗೆ ಪ್ರವಾಸದ ಬಗ್ಗೆ ಪತ್ರ ಬರೆಯಿರಿ’ ಎಂದಿರುತ್ತದೆ. ಆ ಗೆಳೆಯನಿಗೆ ಹೆಸರಿಲ್ಲ, ಊರಿಲ್ಲ, ಅವನು ಓದುವುದೂ ಇಲ್ಲ. ಮಗುವಿಗೆ ಇದು ಗೊತ್ತಿರುತ್ತದೆ, ಅದಕ್ಕೇ ನಾಲ್ಕು ಸಾಲು ತುಂಬಿಸಿ ಕೈ ತೊಳೆದುಕೊಳ್ಳುತ್ತದೆ. ನಾವು ಮೂರೇ ಷರತ್ತು ಹಾಕುತ್ತೇವೆ. ಆ ವ್ಯಕ್ತಿ ನಿಜವಾಗಿ ಇರಬೇಕು, ಅವರಿಗೆ ವಿಳಾಸ ಇರಬೇಕು, ಈ ವರ್ಷ ಅವರಿಂದ ಮಗುವಿಗೆ ಏನಾದರೂ ಸಿಕ್ಕಿರಬೇಕು ಅಥವಾ ಅವರಿಗೆ ಹೇಳಲು ಏನಾದರೂ ಉಳಿದಿರಬೇಕು. ಬಿಸಿಯೂಟದ ಅಡುಗೆ ಅಕ್ಕ, ಅಂಗನವಾಡಿ ಟೀಚರ್, ವರ್ಗವಾಗಿ ಹೋದ ಮೇಷ್ಟ್ರು, ಊರಲ್ಲಿರುವ ಅಜ್ಜಿ, ಬೆಂಗಳೂರಿಗೆ ಕೆಲಸಕ್ಕೆ ಹೋದ ಮಾವ, ಬಸ್ಸಿನ ಕಂಡಕ್ಟರ್ ಎಲ್ಲರೂ ಆಗಬಹುದು. ಪ್ರಸಿದ್ಧರಿಗೆ, ಸಿನಿಮಾ ನಟರಿಗೆ ಬರೆಯುತ್ತೇನೆಂದು ಹಟ ಹಿಡಿಯುವ ಮಕ್ಕಳು ಇದ್ದೇ ಇರುತ್ತಾರೆ. ನಾವು ಒಪ್ಪುವುದಿಲ್ಲ, ಅಲ್ಲಿಂದ ಉತ್ತರ ಬಾರದು. ಅಡುಗೆ ಅಕ್ಕ ದಿನವೂ ಎದುರಿಗೇ ಇದ್ದರೂ ಅವರ ಕಾಗದವನ್ನು ಕೈಗೆ ಕೊಡುವುದಿಲ್ಲ, ಅಂಚೆಗೇ ಹಾಕುತ್ತೇವೆ. ಮನೆ ಬಾಗಿಲಿಗೆ ಪೋಸ್ಟ್‌ಮ್ಯಾನ್ ತಂದುಕೊಟ್ಟ ಕಾಗದಕ್ಕೆ ಮನೆಯವರೆಲ್ಲರ ಮುಂದೆ ಸಿಗುವ ಮರ್ಯಾದೆಯೇ ಬೇರೆ.

ಖರ್ಚು ತೀರಾ ಕಡಿಮೆ. ಪೋಸ್ಟ್ ಕಾರ್ಡ್ 50 ಪೈಸೆ, ಇನ್‌ಲ್ಯಾಂಡ್ ಲೆಟರ್ ಎರಡೂವರೆ ರೂಪಾಯಿ, 20 ಗ್ರಾಂವರೆಗಿನ ಲಕೋಟೆಗೆ 5 ರೂಪಾಯಿ. 22 ಮಕ್ಕಳ ತರಗತಿಯಲ್ಲಿ 16 ಮಂದಿ ಕಾರ್ಡ್ ಬರೆದು, ದೂರದ ಊರಿಗೆ ಬರೆಯುವ 6 ಮಂದಿ ಲಕೋಟೆ ಬಳಸುತ್ತಾರೆ ಎಂದುಕೊಳ್ಳಿ. ಆ 6 ಲಕೋಟೆಯೊಳಗೆ ಶಾಲೆಯ ವಿಳಾಸ ಬರೆದ ಒಂದೊಂದು ಖಾಲಿ ಕಾರ್ಡ್ ಇಡುತ್ತೇವೆ, ಉತ್ತರ ಬರೆಯುವವರು ಅಂಚೆ ಕಚೇರಿಗೆ ಕಾರ್ಡಿಗಾಗಿ ಹೋಗುವ ಕಷ್ಟ ತಪ್ಪಲಿ ಎಂದು. ಕೆಡುವ ಕಾರ್ಡುಗಳಿಗೆಂದು 5 ಹೆಚ್ಚು. ಒಟ್ಟು 27 ಕಾರ್ಡಿಗೆ 13 ರೂಪಾಯಿ 50 ಪೈಸೆ, ಲಕೋಟೆಗೆ 30 ರೂಪಾಯಿ. ಹೆಚ್ಚುವರಿ ಕಾರ್ಡ್ ಇಲ್ಲದೆ ಹೊರಡಬೇಡಿ. ಐದರಲ್ಲಿ ಒಂದು ಕಾರ್ಡಾದರೂ ತಲೆಕೆಳಗಾಗಿಯೋ ವಿಳಾಸದ ಜಾಗದಲ್ಲೋ ಬರೆದು ಹಾಳಾಗುತ್ತದೆ. ಹಳ್ಳಿಯ ಶಾಖಾ ಅಂಚೆ ಕಚೇರಿಗೆ ಅವತ್ತೇ ಹೋಗಿ ಅಷ್ಟೊಂದು ಕಾರ್ಡ್ ಕೇಳಿದರೆ ಸಿಗುವುದಿಲ್ಲ. ಅವರು ದೊಡ್ಡ ಕಚೇರಿಯಿಂದ ತರಿಸಬೇಕು. ಒಂದು ವಾರ ಮೊದಲೇ ಹೇಳಿಡಬೇಕು.

ಇನ್‌ಲ್ಯಾಂಡ್ ಲೆಟರನ್ನು ನಾವು ಐದನೇ ತರಗತಿಗಿಂತ ಕೆಳಗಿನವರಿಗೆ ಕೊಡುವುದಿಲ್ಲ. ಅದನ್ನು ಮಡಿಸುವುದೇ ಒಂದು ವಿದ್ಯೆ. ಮಡಿಸುವ ಅಂಚಿನವರೆಗೂ ಬರೆದು, ಅದರ ಮೇಲೇ ಅಂಟು ಹಚ್ಚಿ ಮುಚ್ಚಿದರೆ ಬಿಡಿಸುವವರ ಕೈಯಲ್ಲಿ ಎರಡು ಸಾಲು ಹರಿದುಬರುತ್ತದೆ. ಕೊಡುವುದಾದರೆ ಅಂಟು ಹಚ್ಚುವ ಪಟ್ಟಿಯನ್ನು ಮೊದಲೇ ಪೆನ್ಸಿಲ್‌ನಿಂದ ಗೆರೆ ಹೊಡೆದು ಬೇರೆ ಮಾಡಿಸಬೇಕು. ಒಳಗೆ ಏನನ್ನೂ ಇಡುವಂತಿಲ್ಲ ಎನ್ನುವುದನ್ನೂ ಹೇಳಿಡಬೇಕು. ಚಿತ್ರ, ಫೋಟೊ ಇಟ್ಟರೆ ಹೆಚ್ಚುವರಿ ದರ ಬೀಳುತ್ತದೆ. ಲಕೋಟೆಯದೂ ಹೀಗೆಯೇ: ಒಂದು ಎ4 ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. ಲಕೋಟೆ, ಎರಡು ಹಾಳೆ, ಒಂದು ಕಾರ್ಡ್ ಇಟ್ಟರೆ 20 ಗ್ರಾಂ ಹತ್ತಿರ ಬಂದೇಬಿಡುತ್ತದೆ. ತೂಕ ಮೀರಿದರೆ ಕೊರತೆಯ ಎರಡರಷ್ಟನ್ನು ಕಾಗದ ತೆಗೆದುಕೊಳ್ಳುವವರು ಕಟ್ಟಬೇಕು. ಅಜ್ಜಿಯ ಕೈಯಿಂದ ದಂಡ ಕಟ್ಟಿಸುವ ಕಾಗದ ಯಾಕೆ?

ಮೊದಲ ಪಿರಿಯಡ್‌ನಲ್ಲಿ ಪೆನ್ನು ಮುಟ್ಟುವುದಿಲ್ಲ, ಬರೀ ಮಾತು. ಪ್ರತಿ ಮಗುವೂ ಯಾರಿಗೆ ಎಂದು ಹೇಳಿ, ಆ ವ್ಯಕ್ತಿಯ ಬಗ್ಗೆ ಮೂರು ಸಂಗತಿ ಹೇಳಬೇಕು. ‘ಅಡುಗೆ ಅಕ್ಕ ಒಳ್ಳೆಯವರು’ ಎಂದು ಶುರುವಾಗುತ್ತದೆ. ‘ಒಳ್ಳೆಯವರು ಅಂತ ನಿನಗೆ ಯಾವಾಗ ಗೊತ್ತಾಯ್ತು?’ ಎಂದು ಕೇಳಿದರೆ, ‘ನಂಗೆ ಜ್ವರ ಬಂದಾಗ ಸಾರು ಹಾಕದೆ ಬರೀ ಅನ್ನ ಮಜ್ಜಿಗೆ ಕೊಟ್ರು’ ಎನ್ನುತ್ತದೆ. ಅದೇ ಕಾಗದ. ಆ ವಾಕ್ಯವನ್ನು ಮಗು ಹೇಳಿದ ಹಾಗೆಯೇ ಒಂದು ಚೀಟಿಯಲ್ಲಿ ನಾವು ಬರೆದುಕೊಳ್ಳುತ್ತೇವೆ. ಮರುದಿನ ಮಗು ಖಾಲಿ ಹಾಳೆಯ ಮುಂದೆ ಕೂತು ಪೆನ್ನು ಕಚ್ಚುವಾಗ ಆ ಚೀಟಿಯನ್ನು ಕೈಗೆ ಕೊಟ್ಟರೆ ಸಾಕು. ಮಕ್ಕಳಿಗೆ ಒಂದು ಪರೀಕ್ಷೆಯನ್ನೂ ಕಲಿಸುತ್ತೇವೆ: ಈ ಸಾಲನ್ನು ಬೇರೆ ಯಾರಿಗಾದರೂ ಬರೆದರೂ ನಡೆಯುತ್ತದೆಯೇ? ನಡೆಯುವುದಾದರೆ ಆ ಸಾಲು ಬೇಡ.

ಕಪ್ಪುಹಲಗೆಯ ಮೇಲೆ ಮಾದರಿ ಕಾಗದ ಬರೆಯುವುದರಲ್ಲಿ ನಾವು ಬಹಳ ಸಲ ಎಡವಿದ್ದೇವೆ. ಬರೆದರೆ 22 ಮಕ್ಕಳಿಂದಲೂ ಅದೇ ಕಾಗದ, ಹೆಸರಷ್ಟೇ ಬೇರೆ. ಬರೆಯದಿದ್ದರೆ ತಾರೀಖು ಎಲ್ಲಿ, ಸಹಿ ಎಲ್ಲಿ ಎಂದು ಯಾರಿಗೂ ತಿಳಿಯದು. ಈಗ ಎರಡನ್ನೂ ಬೇರ್ಪಡಿಸಿದ್ದೇವೆ. ಮೇಲೆ ಬಲಗಡೆ ಊರು, ತಾರೀಖು, ಕೆಳಗೆ ಎಡಕ್ಕೆ ಸಂಬೋಧನೆ, ನಡುವೆ ಒಕ್ಕಣೆ, ಕೊನೆಗೆ ‘ಇಂತಿ’ ಮತ್ತು ಹೆಸರು ಎಂದು ಬರೀ ಚೌಕಟ್ಟನ್ನು ಹಲಗೆಯ ಮೇಲೆ ಬಿಡುತ್ತೇವೆ, ಒಕ್ಕಣೆಯ ಜಾಗದಲ್ಲಿ ಗೆರೆ ಮಾತ್ರ. ಮಾದರಿ ಬೇಕೇ ಬೇಕೆಂದರೆ ಮಕ್ಕಳು ಯಾರೂ ಬರೆಯದ ವ್ಯಕ್ತಿಗೆ, ಉದಾಹರಣೆಗೆ ಶಾಲೆಯ ಗಂಟೆ ರಿಪೇರಿ ಮಾಡಿಕೊಟ್ಟವರಿಗೆ, ನಾವೇ ಒಂದು ಕಾಗದ ಬರೆದು ಓದಿ, ಅಳಿಸಿಬಿಡುತ್ತೇವೆ.

ಸಂಬೋಧನೆಯ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟ. ‘ತೀರ್ಥರೂಪ ಸಮಾನರಾದ’ ಎನ್ನುವುದನ್ನು ಓದಿ ಅರ್ಥ ತಿಳಿಯಲಿ, ಬರೆಯುವ ಬಲವಂತ ಬೇಡ. ಮನೆಯಲ್ಲಿ ‘ಅವ್ವ’ ಎಂದು ಕರೆಯುವ ಮಗು ಕಾಗದದಲ್ಲಿ ‘ಮಾತೃಶ್ರೀಯವರಿಗೆ’ ಎಂದು ಬರೆದರೆ ಅವ್ವನಿಗೇ ಅದು ತನಗೆ ಬಂದದ್ದೆನಿಸದು. ಆದರೆ ‘ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’, ‘ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ’ ಈ ಎರಡನ್ನು ಉಳಿಸಿಕೊಂಡಿದ್ದೇವೆ. ಹತ್ತು ವರ್ಷದ ಮಗು ಕಿರಿಯರಿಗೆ ಆಶೀರ್ವಾದ ಹೇಳುವಾಗ ಅದರ ಮುಖ ನೋಡಬೇಕು. ಮನೆಯಲ್ಲಿ ತನಗಿಂತ ಚಿಕ್ಕವರು ಯಾರಿದ್ದಾರೆ ಎಂದು ಲೆಕ್ಕ ಹಾಕಿ ಬರೆಯುತ್ತದೆ.

ಎರಡನೇ, ಮೂರನೇ ಪಿರಿಯಡ್ ಕರಡಿಗೆ. ಕಾರ್ಡಿನ ಅಳತೆ 14 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಎತ್ತರ. ಕರಡನ್ನೂ ಅದೇ ಅಳತೆಗೆ ಕತ್ತರಿಸಿದ ಹಾಳೆಯಲ್ಲೇ ಬರೆಸಬೇಕು. ನೋಟ್‌ಬುಕ್ಕಿನ ಪೂರ್ತಿ ಪುಟದಲ್ಲಿ ಬರೆಸಿದರೆ ಅದನ್ನು ಕಾರ್ಡಿಗೆ ಇಳಿಸುವಾಗ ಅರ್ಧಕ್ಕೇ ಜಾಗ ಮುಗಿದು, ಕೊನೆಯ ಸಾಲುಗಳು ಇರುವೆ ಸಾಲಿನಂತೆ ಅಂಚಿಗೆ ಹತ್ತುತ್ತವೆ. ಕನ್ನಡ ಬರವಣಿಗೆಗೆ ಗೆರೆಯಿಂದ ಗೆರೆಗೆ ಒಂದು ಸೆಂಟಿಮೀಟರ್ ಬೇಕೇ ಬೇಕು. ಒತ್ತಕ್ಷರ ಗೆರೆಯ ಕೆಳಗೆ ಇಳಿಯುತ್ತದೆ, ಗುಣಿತದ ಗುಡಿಸು ಮೇಲಕ್ಕೆ ಏಳುತ್ತದೆ. ಅರ್ಧ ಸೆಂಟಿಮೀಟರಿಗೆ ಗೆರೆ ಹೊಡೆದರೆ ‘ಅಜ್ಜಿ’ಯ ಜ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಅಂಚು ಬಿಟ್ಟು 8 ಗೆರೆ ಸಿಗುತ್ತವೆ. ನಾಲ್ಕನೇ ತರಗತಿಯ ಕೈಬರಹದಲ್ಲಿ ಗೆರೆಗೆ ನಾಲ್ಕು ಪದ, ಒಟ್ಟು 30 ಪದದ ಆಸುಪಾಸು. 30 ಪದ ಎಂದು ಮೊದಲೇ ಹೇಳಿದರೆ ಮಕ್ಕಳು ಯಾವುದನ್ನು ಬಿಡಬೇಕು ಎಂದು ತಾವೇ ಯೋಚಿಸುತ್ತಾರೆ. ಗೆರೆಯನ್ನು ಪೆನ್ಸಿಲ್‌ನಲ್ಲಿ ಹಗುರವಾಗಿ ಹೊಡೆಸಿ, ಎರಡೂ ಅಂಚಿಗೆ ಒಂದೊಂದು ಸೆಂಟಿಮೀಟರಿಗೆ ಚುಕ್ಕಿ ಇಟ್ಟುಕೊಂಡು ಸ್ಕೇಲಿನಿಂದ ಸೇರಿಸಿದರೆ ವಾರೆಯಾಗುವುದಿಲ್ಲ.

ತಿದ್ದುವಾಗ ಕೆಂಪು ಪೆನ್ನನ್ನು ಎತ್ತಿಡಿ. ಎಲ್ಲ ತಪ್ಪನ್ನೂ ತಿದ್ದಿದರೆ ಕಾಗದ ಮೇಷ್ಟರದಾಗುತ್ತದೆ, ಏನೂ ತಿದ್ದದಿದ್ದರೆ ಓದುವವರಿಗೆ ಅರ್ಥವಾಗದು. ಅರ್ಥ ಕೆಡಿಸುವ ತಪ್ಪನ್ನು ಮಾತ್ರ ಹಿಡಿಯುತ್ತೇವೆ. ನಮ್ಮ ಕಡೆ ಮಾತಿನಲ್ಲಿ ಹಕಾರ ಉಳಿಯುವುದಿಲ್ಲ, ಹಾಸನ ‘ಆಸ್ನ’ ಆಗುತ್ತದೆ, ಹಾಲು ‘ಆಲು’. ಅದನ್ನು ತಿದ್ದಿ ತಿದ್ದಿ ಹೇಳಿದ ಮೇಲೆ ಮಕ್ಕಳು ಎಚ್ಚರ ಹೆಚ್ಚಾಗಿ, ಬೇಡದ ಕಡೆಯೂ ಹ ಸೇರಿಸುತ್ತಾರೆ. ‘ಹಣ್ಣ ಬೆಂಗಳೂರಿಗೆ ಹೋದ’ ಎಂದು ಬರೆದರೆ ಅಣ್ಣ ಹೋದನೋ ಹಣ್ಣು ಹೋಯಿತೋ? ಇಂಥದ್ದನ್ನು ಗಟ್ಟಿಯಾಗಿ ಓದಿಸಿದರೆ ಮಗುವೇ ಹಿಡಿಯುತ್ತದೆ. ಇನ್ನೊಂದು, ನೀನು-ನೀವು ಕಲಸುವುದು: ‘ಅಜ್ಜಿ ನೀನು ಬೇಸಿಗೆಗೆ ಬನ್ನಿ’. ಅಜ್ಜಿಯನ್ನು ಮನೆಯಲ್ಲಿ ನೀನು ಎನ್ನುತ್ತೀಯಾ, ನೀವು ಎನ್ನುತ್ತೀಯಾ ಎಂದು ಕೇಳಿ, ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೂ ನಡೆಸು ಎನ್ನುತ್ತೇವೆ. ಅಜ್ಜಿಗೆ ಬರೆಯುವ ಕಾಗದದಲ್ಲಿ ‘ಬತ್ತೀನಿ’, ‘ಓಯ್ತೀನಿ’ ಇದ್ದರೆ ನಾವು ಮುಟ್ಟುವುದಿಲ್ಲ. ಪಂಚಾಯಿತಿಗೆ ಬರೆಯುವ ಮನವಿಯಲ್ಲಾದರೆ ‘ಬರುತ್ತೇನೆ’ ಎಂದೇ ಇರಬೇಕು.

ನಾಲ್ಕನೇ ಪಿರಿಯಡ್‌ನಲ್ಲಿ ಪಕ್ಕದವರಿಗೆ ಓದಿ ಹೇಳುವುದು. ಕೇಳಿದವರು ‘ಚೆನ್ನಾಗಿದೆ’ ಎನ್ನುವಂತಿಲ್ಲ, ಎರಡು ಪ್ರಶ್ನೆ ಕೇಳಬೇಕು. ‘ಯಾವ ಬಸ್ಸಲ್ಲಿ?’ ‘ಆಮೇಲೆ ಕರು ಏನಾಯ್ತು?’ ಪ್ರಶ್ನೆ ಎಲ್ಲಿ ಬರುತ್ತದೋ ಅಲ್ಲಿ ಕಾಗದದಲ್ಲಿ ಏನೋ ಬಿಟ್ಟುಹೋಗಿದೆ ಎಂದರ್ಥ. ಐದನೇ ಪಿರಿಯಡ್ ಕಾರ್ಡಿನ ಮೇಲೆ ಇಳಿಸಲು. ಬಾಲ್ ಪೆನ್ ಒಳ್ಳೆಯದು. ಜೆಲ್ ಪೆನ್ನಿನ ಶಾಯಿ ಕೈಗೆ ಮೆತ್ತುತ್ತದೆ, ಎಡಗೈಯಲ್ಲಿ ಬರೆಯುವ ಮಕ್ಕಳದಂತೂ ಪೂರ್ತಿ ಉಜ್ಜಿಹೋಗುತ್ತದೆ. ಸ್ಕೆಚ್ ಪೆನ್ ಒಂದು ಹನಿ ನೀರು ಬಿದ್ದರೆ ಹರಡುತ್ತದೆ. ಚಿತ್ರವನ್ನು ಪೆನ್ಸಿಲ್, ಕ್ರೇಯಾನ್‌ನಲ್ಲಿ ಬರೆಯಲಿ. ಮಾರ್ಚ್‌ನಲ್ಲಿ ಹೂ ಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ಕಾಫಿ ಹೂವನ್ನೇ ಕಾರ್ಡಿಗೆ ಅಂಟಿಸುವ ಆಸೆ ಎಲ್ಲ ಮಕ್ಕಳಿಗೂ. ಮೊಹರು ಒತ್ತುವಾಗ ಅದು ಕಿತ್ತುಬರುತ್ತದೆ, ಕಾರ್ಡಿಗೂ ಕಲೆ. ಹೂವಿನ ವಾಸನೆ ಹೇಗಿತ್ತು ಎಂದು ಒಂದು ಸಾಲು ಬರೆಯಿರಿ ಎನ್ನುತ್ತೇವೆ.

ವಿಳಾಸಕ್ಕೆ ಒಂದು ಪೂರ್ತಿ ಪಿರಿಯಡ್ ಕೊಡಬೇಕು, ಅದಕ್ಕೆ ಮೂರು ದಿನ ಮೊದಲೇ ಮನೆಗೆಲಸ ಕೊಟ್ಟಿರಬೇಕು. ಕಾಗದ ವಾಪಸ್ ಬರುವುದು, ಕಳೆದುಹೋಗುವುದು ಬಹುತೇಕ ವಿಳಾಸದ ತಪ್ಪಿನಿಂದಲೇ. ಮಕ್ಕಳಿಗೆ ಅಜ್ಜಿ ಅಜ್ಜಿಯೇ, ಅವರ ಹೆಸರು ಗೊತ್ತಿರುವುದಿಲ್ಲ. ‘ಮೇಲಿನ ಮನೆ ಅತ್ತೆ’ ಎಂದು ಬರೆದರೆ ಪೋಸ್ಟ್‌ಮ್ಯಾನ್‌ಗೆ ಗೊತ್ತಾಗುವುದು ಅವರ ಊರಲ್ಲೇ ಇದ್ದಾಗ ಮಾತ್ರ. ಕರೆಂಟ್ ಬಿಲ್, ಬ್ಯಾಂಕ್ ಪಾಸ್‌ಬುಕ್, ಗ್ಯಾಸ್ ಪುಸ್ತಕ ಯಾವುದರಲ್ಲಾದರೂ ನೋಡಿ ನಕಲು ಮಾಡಿ ತರಬೇಕು. ರೇಷನ್ ಕಾರ್ಡ್ ನಂಬುವಂತಿಲ್ಲ, ಮನೆ ಬದಲಾದರೂ ಅದರಲ್ಲಿ ಹಳೆಯ ವಿಳಾಸವೇ ಇರುತ್ತದೆ. ತೋಟದಲ್ಲಿರುವವರಿಗಾದರೆ ಎಸ್ಟೇಟ್ ಹೆಸರು ಮುಖ್ಯ. ಆಮೇಲೆ ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು, ಜಿಲ್ಲೆ. ಗ್ರಾಮ ಬೇರೆ, ಅಂಚೆ ಬೇರೆ ಎನ್ನುವುದು ಮಕ್ಕಳಿಗೆ ಹೊಸ ವಿಷಯ. ತಮ್ಮೂರಿನ ಅಂಚೆ ಕಚೇರಿ ಎರಡು ಮೈಲಿ ಆಚೆಯ ಊರಲ್ಲಿದ್ದರೆ ಆ ಊರಿನ ಹೆಸರನ್ನು ‘ಅಂಚೆ’ ಎಂದು ಬರೆಯಬೇಕು.

ಪಿನ್ ಕೋಡ್ ಯಾಕೆ ಬೇಕು ಎಂದು ಕೇಳಿದರೆ ನಮ್ಮ ಜಿಲ್ಲೆಯಲ್ಲೇ ಎಷ್ಟು ಹೊಸಹಳ್ಳಿ ಇದೆ ಎಂದು ಎಣಿಸಲು ಹೇಳುತ್ತೇವೆ. ಎರಡು ನಿಮಿಷದಲ್ಲಿ ಮಕ್ಕಳೇ ನಾಲ್ಕೈದು ಹೇಳುತ್ತಾರೆ. ಒಂದೇ ಹೆಸರಿನ ಊರುಗಳು, ಬೇರೆ ಬೇರೆ ಭಾಷೆಯ ವಿಳಾಸಗಳು ಇವನ್ನು ವಿಂಗಡಿಸುವ ಕಷ್ಟಕ್ಕೇ ಶ್ರೀರಾಮ ಭಿಕಾಜಿ ವೇಲಣಕರ್ ಅವರು ಆರು ಅಂಕಿಯ ಪಿನ್ ಕೋಡ್ ರೂಪಿಸಿದ್ದು. ಅದು ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಹಾಸನ 573201, ಸಕಲೇಶಪುರ 573134, ಬೇಲೂರು 573115, ಚಿಕ್ಕಮಗಳೂರು 577101, ಮೂಡಿಗೆರೆ 577132 ಎಂದು ಹಲಗೆಯ ಮೇಲೆ ಬರೆದು, ಹಾಸನದ ಕಡೆ 573, ಚಿಕ್ಕಮಗಳೂರಿನ ಕಡೆ 577 ಎನ್ನುವುದನ್ನು ಮಕ್ಕಳೇ ಕಂಡುಹಿಡಿಯಲು ಬಿಡಬೇಕು. ಸಕಲೇಶಪುರ-ಮೂಡಿಗೆರೆ ಗಡಿಯ ಊರುಗಳ ಮಕ್ಕಳು ಇದರಲ್ಲಿ ತಪ್ಪುವುದು ಹೆಚ್ಚು. 3 ಮತ್ತು 7ನ್ನು ಬಿಡಿಸಿ ಬರೆಯುವ ಅಭ್ಯಾಸ ಮಾಡಿಸಿ. ವಿಳಾಸ ಕಾರ್ಡಿನ ಬಲ ಅರ್ಧದಲ್ಲಿ ಮಾತ್ರ, ಎಡ ಅರ್ಧದಲ್ಲಿ ಬೇಕಾದರೆ ಒಕ್ಕಣೆ ಮುಂದುವರಿಸಬಹುದು. ಕಾರ್ಡು ತೆರೆದದ್ದು, ಎಲ್ಲರೂ ಓದುತ್ತಾರೆ. ಆದ್ದರಿಂದ ಮಗುವಿನ ಮನೆಯ ಫೋನ್ ನಂಬರ್ ಅದರಲ್ಲಿ ಬೇಡ, ಕಳುಹಿಸುವವರ ವಿಳಾಸ ಶಾಲೆಯದೇ ಇರಲಿ.

ಅಸ್ಸಾಂನಿಂದಲೋ ತಮಿಳುನಾಡಿನಿಂದಲೋ ಬಂದು ತೋಟದ ಲೈನ್‌ನಲ್ಲಿರುವ ಮಕ್ಕಳ ಬಗ್ಗೆ ಬೇರೆಯಾಗಿಯೇ ಯೋಚಿಸಬೇಕು. ಅವರು ಶಾಲೆಯಲ್ಲಿ ಕಲಿತದ್ದು ಕನ್ನಡ, ಊರಿನ ಅಜ್ಜಿಗೆ ಕನ್ನಡ ಬಾರದು. ಊರಿಗೇ ಬರೆಯುತ್ತೇನೆ ಎಂದರೆ ಬೇಡ ಎನ್ನಬಾರದು. ಒಂದು ಹಾಳೆಯಲ್ಲಿ ಮಗು ಚಿತ್ರ ಬರೆದು ಕನ್ನಡದಲ್ಲಿ ಎರಡು ಸಾಲು ಬರೆಯಲಿ, ಅದರ ಕೆಳಗೆ ಅಪ್ಪನೋ ಅಮ್ಮನೋ ತಮ್ಮ ಭಾಷೆಯಲ್ಲಿ ಅದನ್ನೇ ಬರೆಯಲಿ. ಅವರಿಗೂ ಬರೆಯಲು ಬಾರದಿದ್ದರೆ ಲೈನ್‌ನಲ್ಲಿ ಬಲ್ಲವರು ಒಬ್ಬರಾದರೂ ಸಿಗುತ್ತಾರೆ. ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಬೇಕು, ಹೊರರಾಜ್ಯದಲ್ಲಿ ಕನ್ನಡ ಓದಿ ವಿಂಗಡಿಸುವವರು ಇರುವುದಿಲ್ಲ. ಅಕ್ಷರ ಬಾರದ ಹಿರಿಯರು ನಮ್ಮ ಊರುಗಳಲ್ಲೂ ಇದ್ದಾರೆ. ಅವರ ಕಾಗದವನ್ನು ಯಾರೋ ಗಟ್ಟಿಯಾಗಿ ಓದಿ ಹೇಳುತ್ತಾರೆ ಎಂದು ಮಗುವಿಗೆ ಮೊದಲೇ ತಿಳಿದಿದ್ದರೆ ವಾಕ್ಯಗಳನ್ನು ಚಿಕ್ಕದಾಗಿ ಬರೆಯುತ್ತದೆ, ಗುಟ್ಟು ಬರೆಯುವುದಿಲ್ಲ.

ಏಳನೇ ಪಿರಿಯಡ್‌ಗೆ ಎಲ್ಲರೂ ಅಂಚೆ ಕಚೇರಿಗೆ ನಡೆದೇ ಹೋಗುವುದು. ಡಬ್ಬಿ ತೆರೆಯುವ ಹೊತ್ತನ್ನು ಮೊದಲೇ ಕೇಳಿಕೊಂಡು, ಅದಕ್ಕಿಂತ ಅರ್ಧ ಗಂಟೆ ಮುಂಚೆ ತಲುಪಿದರೆ ಕಾರ್ಡಿಗೆ ಮೊಹರು ಬೀಳುವುದನ್ನೂ ಚೀಲ ಕಟ್ಟುವುದನ್ನೂ ಮಕ್ಕಳು ನೋಡಬಹುದು. ಭಾರತದಲ್ಲಿ ಪೋಸ್ಟ್ ಕಾರ್ಡ್ ಶುರುವಾದದ್ದು 1879ರ ಜುಲೈ 1ರಂದು ಎಂದು ಅಲ್ಲಿ ನಿಂತು ಹೇಳಿದರೆ, ತಮ್ಮ ಕೈಯಲ್ಲಿರುವುದು ಎಷ್ಟು ವರ್ಷದ ಹಿರಿಯದು ಎಂದು ಐದನೆಯವರು ಅಲ್ಲೇ ಕಳೆಯುವ ಲೆಕ್ಕ ಮಾಡುತ್ತಾರೆ. ಹೊರಡುವ ಮೊದಲು ಯಾರು ಯಾರಿಗೆ, ಯಾವ ತಾರೀಖು ಎಂದು ಒಂದು ಪಟ್ಟಿ ಬರೆದು ತರಗತಿಯ ಗೋಡೆಗೆ ಹಚ್ಚುತ್ತೇವೆ. ಉತ್ತರ ಬಂದಂತೆ ಅದರ ಎದುರು ತಾರೀಖು ಬರೆಯುವುದು ಮಗುವಿನ ಕೆಲಸ.

ನಲಿ-ಕಲಿಯ ಒಂದರಿಂದ ಮೂರನೇ ತರಗತಿಯವರಿಗೆ ಇಷ್ಟೆಲ್ಲ ಬೇಡ. ಒಂದು ಚಿತ್ರ, ಮಗು ಹೇಳಿ ನಾವು ಬರೆದುಕೊಟ್ಟ ಒಂದು ಸಾಲು, ತನ್ನ ಕೈಯಿಂದಲೇ ಬರೆದ ಹೆಸರು. ಮೂರನೆಯವರು ಎರಡು ವಾಕ್ಯ ಬರೆದಾರು. ಎರಡು ಪಿರಿಯಡ್ ಸಾಕು, ವಿಳಾಸ ನಾವೇ ಬರೆಯಬೇಕು.

ಅಂಚೆಗೆ ಹೋಗದ ಕಾಗದಗಳಲ್ಲಿ ನಮಗೆ ಅತಿ ಹೆಚ್ಚು ಪ್ರಿಯವಾದದ್ದು, ಮುಂದಿನ ವರ್ಷ ತನ್ನ ಜಾಗದಲ್ಲಿ ಕೂರುವ ಮಗುವಿಗೆ ಬರೆಯುವುದು. ಇದನ್ನು ಪರೀಕ್ಷೆ ಮುಗಿದ ಮೇಲೆ ಬರೆಸಬಹುದು, ಉತ್ತರ ಬೇಕಾಗಿರುವುದು ಜೂನ್‌ಗೆ. ಇಲ್ಲೂ ಮೊದಲ ಕರಡಿನಲ್ಲಿ ‘ಚೆನ್ನಾಗಿ ಓದು, ಗುರುಗಳ ಮಾತು ಕೇಳು’ ಎಂಬ ಉಪದೇಶವೇ ಬರುತ್ತದೆ. ಉಪದೇಶ ಬೇಡ, ನಿನಗೆ ಜೂನ್‌ನಲ್ಲಿ ಗೊತ್ತಿಲ್ಲದೆ ಕಷ್ಟವಾದದ್ದು ಏನು ಎಂದು ಕೇಳಿದರೆ ಬೇರೆಯದೇ ಕಾಗದ ಬರುತ್ತದೆ. ಮಳೆಗಾಲದಲ್ಲಿ ಎಡಗಡೆ ಕಿಟಕಿಯ ಪಕ್ಕ ಎರಚಲು ಹೊಡೆಯುತ್ತದೆ, ಬ್ಯಾಗನ್ನು ಗೋಡೆಗೆ ಇಡಬೇಡ. ಭಾಗಾಕಾರದಲ್ಲಿ ಸೊನ್ನೆ ಬಂದರೆ ಬಿಟ್ಟುಬಿಡಬೇಡ, ಮೇಲೆ ಬರೆ. ಬಿಸಿಯೂಟಕ್ಕೆ ಎರಡನೇ ಸಲ ಕೇಳಿದರೆ ಬಯ್ಯುವುದಿಲ್ಲ, ಕೇಳು. ಆನೆ ಬಂದಿದೆ ಎಂದು ಸುದ್ದಿ ಬಂದ ದಿನ ತೋಟದ ಕಾಲುದಾರಿ ಹಿಡಿಯಬೇಡ, ಟಾರ್ ರಸ್ತೆಯಲ್ಲೇ ಎಲ್ಲರ ಜೊತೆ ಬಾ. ಇದರಲ್ಲಿ ಒಂದೊಂದು ಸಾಲೂ ಹೊಸ ಮಗುವಿಗೆ ಬೇಕಾದದ್ದು. ಎ4 ಹಾಳೆಯ ಒಂದು ಪುಟ, ಕನಿಷ್ಠ ಐದು ಸಂಗತಿ ಎಂದು ಗೊತ್ತು ಮಾಡುತ್ತೇವೆ. ಬರೆದ ಮೇಲೆ ಮಡಿಸಿ, ಮೇಲೆ ಡೆಸ್ಕಿನ ನಂಬರ್ ಹಾಕಿಡುವುದು. ತರಗತಿಯಲ್ಲಿ ಒಬ್ಬೊಬ್ಬರ ಜಾಗ ಗೊತ್ತುಮಾಡಿಲ್ಲದಿದ್ದರೆ ಹಾಜರಿ ಸಂಖ್ಯೆ ಹಾಕಬಹುದು. ಹೊಸ ತರಗತಿಯಲ್ಲಿ ಮಕ್ಕಳು ಕಡಿಮೆ ಇದ್ದರೆ ಯಾರ ಕಾಗದವೂ ಅನಾಥವಾಗದಂತೆ ಒಬ್ಬರಿಗೆ ಎರಡು ಕೊಡಬೇಕು, ಹೆಚ್ಚಿದ್ದರೆ ಶಿಕ್ಷಕರೇ ಒಂದೆರಡು ಬರೆದಿಡಬೇಕು.

ತನಗೆ ತಾನೇ ಬರೆದುಕೊಂಡು ಒಂದು ವರ್ಷದ ನಂತರ ತೆರೆಯುವ ಕಾಗದವನ್ನೂ ಮಾಡಿಸುತ್ತೇವೆ. ಅದರಲ್ಲಿ ಬರೆಸುವುದಕ್ಕಿಂತ ಕಾಪಾಡುವುದೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರದ ಕಡೆ ಗೋಡೆಯೇ ಬೆವರುತ್ತದೆ. ಮರದ ಬೀರುವಿನಲ್ಲಿಟ್ಟ ಕಾಗದಕ್ಕೆ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮೈದಾ ಅಂಟು ಹಚ್ಚಿದ್ದರೆ ಹುಳುವೂ ಬರುತ್ತದೆ. ಲಕೋಟೆಯನ್ನು ಅಂಟಿಸದೆ ಬಾಯಿ ಒಳಕ್ಕೆ ಮಡಿಸಿ, ಹತ್ತತ್ತರ ಕಟ್ಟು ಮಾಡಿ, ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಬಿಗಿದು, ಸ್ಟೀಲ್ ಟ್ರಂಕಿನಲ್ಲಿ ಇಡುತ್ತೇವೆ. ಟ್ರಂಕ್ ನೆಲಕ್ಕೆ ತಾಗದಂತೆ ಕೆಳಗೆ ಎರಡು ಇಟ್ಟಿಗೆ, ಒಳಗೆ ಒಣಗಿದ ಬೇವಿನ ಸೊಪ್ಪು. ಏಪ್ರಿಲ್‌ನ ಬಿಸಿಲಿನಲ್ಲಿ ಒಂದು ದಿನ ಹರಡಿ, ಪೂರ್ತಿ ಒಣಗಿದ ಮೇಲೆಯೇ ಕವರಿಗೆ ಹಾಕಬೇಕು. ಹಸಿ ಉಳಿದರೆ ಕವರೇ ಶತ್ರು. ಪೆನ್ಸಿಲ್ ಬರಹ ಮಾಸುವುದಿಲ್ಲ, ಆದ್ದರಿಂದ ಈ ಕಾಗದಕ್ಕೆ ಪೆನ್ಸಿಲ್.

ಮಕ್ಕಳು ಕೆಲವೊಮ್ಮೆ ಮನೆಯ ನೋವನ್ನು ಕಾಗದದಲ್ಲಿ ಬರೆಯುತ್ತಾರೆ. ಅಪ್ಪ ಕುಡಿದು ಬರುವುದು, ಹೊಡೆತ, ಸಾಲ, ಎಲ್ಲವೂ ಬರುತ್ತದೆ. ಯಾವ ಕಾಗದವನ್ನು ಶಿಕ್ಷಕರು ಓದುತ್ತಾರೆ ಎನ್ನುವುದನ್ನು ಬರೆಯುವ ಮೊದಲೇ ಹೇಳಬೇಕು. ಗುಟ್ಟಾಗಿರುತ್ತದೆ ಎಂದು ಮಾತು ಕೊಟ್ಟು ಆಮೇಲೆ ಓದಿದರೆ ಆ ಮಗು ಮತ್ತೆ ನಿಮ್ಮನ್ನು ನಂಬುವುದಿಲ್ಲ. ಅಂಥದ್ದು ಕಂಡರೆ ಆ ಕಾಗದವನ್ನು ಅಂಚೆಗೆ ಹಾಕದೆ, ತರಗತಿಯ ಮುಂದೆ ಏನೂ ಆಡದೆ, ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಮಾತಾಡಿಸಬೇಕು. ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕು. ಮಗುವಿಗೆ ಅಪಾಯವಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ತಡ ಮಾಡಬಾರದು.

ಇಷ್ಟೆಲ್ಲ ಮಾಡಿದರೂ ಎಲ್ಲರಿಗೂ ಉತ್ತರ ಬರುವುದಿಲ್ಲ. ಗೋಡೆಯ ಪಟ್ಟಿಯಲ್ಲಿ ತನ್ನ ಹೆಸರಿನ ಎದುರು ಮಾತ್ರ ಖಾಲಿ ಇದ್ದರೆ ಆ ಮಗು ದಿನವೂ ಅದನ್ನೇ ನೋಡುತ್ತದೆ. ಮಾರ್ಚ್ 25ರವರೆಗೂ ಬಾರದಿದ್ದರೆ ನಾವು ಆ ಮನೆಗೆ ಫೋನ್ ಮಾಡುತ್ತೇವೆ. ಕಾಗದ ತಲುಪಿದೆಯೇ ಎಂದು ಕೇಳಿ, ಬರೆಯಲು ಆಗದಿದ್ದರೆ ಮಗುವಿನ ಹತ್ತಿರ ಫೋನಿನಲ್ಲೇ ಕಾಗದದ ಮಾತು ಆಡಿ ಎಂದು ಕೇಳಿಕೊಳ್ಳುತ್ತೇವೆ. ಪಟ್ಟಿಯಲ್ಲಿ ಆ ತಾರೀಖನ್ನೂ ಬರೆಯುತ್ತದೆ ಮಗು. ಕಾಗದ ತಲುಪಿಯೇ ಇಲ್ಲದಿದ್ದರೆ ಉಳಿದ ಕಾರ್ಡಿನಲ್ಲಿ ಇನ್ನೊಮ್ಮೆ ಬರೆಸುತ್ತೇವೆ. ಆದರೆ ಶಿಕ್ಷಕರೇ ಬೇರೆಯವರ ಹೆಸರಿನಲ್ಲಿ ಉತ್ತರ ಬರೆದು ಕೊಡುವುದು ಬೇಡವೇ ಬೇಡ. ಮಕ್ಕಳು ನಮ್ಮ ಅಕ್ಷರವನ್ನು ದಿನವೂ ಹಲಗೆಯ ಮೇಲೆ ನೋಡುತ್ತಾರೆ.

ಐದನೇ, ಏಳನೇ ತರಗತಿ ಮುಗಿಸಿ ಬೇರೆ ಶಾಲೆಗೆ ಹೋಗುವ ಮಕ್ಕಳ ವಿಷಯದಲ್ಲಿ ಒಂದು ಕೆಲಸವನ್ನು ಟಿಸಿ ಕೊಡುವ ದಿನವೇ ಮುಗಿಸಬೇಕು. ಯಾವ ಶಾಲೆಗೆ ಸೇರುತ್ತಾರೆ ಎಂದು ಕೇಳಿ ಅದರ ವಿಳಾಸ, ಪಿನ್ ಕೋಡ್ ಬರೆದುಕೊಳ್ಳುವುದು. ಜೂನ್‌ನಲ್ಲಿ ಡೆಸ್ಕಿನ ಕಾಗದ ತೆರೆದ ಹೊಸ ಮಗು ‘ಕಿಟಕಿ ಪಕ್ಕ ಈಗಲೂ ನೀರು ಬರುತ್ತೆ ಅಕ್ಕ’ ಎಂದು ಉತ್ತರ ಬರೆಯುತ್ತದೆ. ಅದನ್ನು ಕಳಿಸಲು ಆಗ ನಮ್ಮ ಹತ್ತಿರ ವಿಳಾಸ ಇರಬೇಕು.